ದಿನಾಂ ಊರಿನ ಚಾಕಲೇಟು ಅಂಗಡಿ

ಬೆಲ್ಜಿಯಂ ಎಂದರೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಕನ್ನಡಿ. ಹಳೆಯ ಮನೆಯ ಪಡಸಾಲೆಯಲ್ಲಿ ತೇಗದ ಚೌಕಟ್ಟಿನೊಳಗೆ ತೂಗುತ್ತಿದ್ದ ಕನ್ನಡಿಯನ್ನು ತೋರಿಸಿ, "ಇದು ಬೆಲ್ಜಿಯಂ ಗಾಜು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಈಗಿನ ಮಕ್ಕಳನ್ನು ಕೇಳಿ ನೋಡಿ. ಬೆಲ್ಜಿಯಂ ಎಂದರೆ ಚಾಕಲೇಟು ಎನ್ನುತ್ತಾರೆ. ಆದರೆ ನಮ್ಮಲ್ಲಿ ಚಾಕಲೇಟೆಂಬ ಮಾತಿನ ಅರ್ಥ ತುಸು ಸಡಿಲ. ಬೀದಿಯಂಗಡಿಯ ಭರಣಿಯಲ್ಲಿರುವ ಕಿತ್ತಳೆಬಣ್ಣದ ಸಕ್ಕರೆಗಟ್ಟಿಯೂ ಚಾಕಲೇಟೇ, ಪೆಪ್ಪರಮೆಂಟೂ ಚಾಕಲೇಟೇ, ಹುಟ್ಟುಹಬ್ಬದ ದಿನ ಮಕ್ಕಳು ತರಗತಿಯಲ್ಲಿ ಹಂಚುವುದೆಲ್ಲವೂ ಚಾಕಲೇಟೇ. ಅವುಗಳಲ್ಲಿ ಅನೇಕಕ್ಕೆ ಕೋಕೋ ಬೀಜದ ಸೋಂಕೂ ಇರುವುದಿಲ್ಲ. ನಿಜವಾದ ಚಾಕಲೇಟು ಯಾವುದು, ಅದನ್ನು ಮಾಡುವವರು ಯಾರು, ಅದರ ಬೆಲೆ ಯಾರ ಕೈ ಸೇರುತ್ತದೆ ಎಂಬುದನ್ನು ಅರಿಯಬೇಕಾದರೆ ಬೆಲ್ಜಿಯಮಿನ ಚಿಕ್ಕ ಊರೊಂದರ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡುವುದು ಒಳ್ಳೆಯ ಉಪಾಯ.

ಈಚೆಗೆ ನಮ್ಮ ಊರುಗಳಿಂದಲೂ ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಯೂರೋಪಿಗೆ ಹೋಗಿಬರುವವರು ಹೆಚ್ಚಿದ್ದಾರೆ. ಅಂಥವರು ಬ್ರಸೆಲ್ಸ್ ನಗರದಲ್ಲಿ ಇಳಿದುಕೊಂಡಿದ್ದರೆ ಒಂದು ದಿನವನ್ನು ಇದಕ್ಕಾಗಿ ತೆಗೆದಿಡಲಿ. ಹೋಗಲಾರದವರು ಕುಳಿತಲ್ಲಿಂದಲೇ ನನ್ನ ಜೊತೆಗೆ ಬರಬಹುದು. ಎಲ್ಲರೂ ಹೋಗುವುದು ಬ್ರೂಜ್ ಪಟ್ಟಣಕ್ಕೆ. ಕಾಲುವೆಗಳ ಆ ಊರು ಸುಂದರವೇನೋ ಹೌದು. ಆದರೆ ಅಲ್ಲಿ ಚಾಕಲೇಟಿನ ಅಂಗಡಿಗಳು ನಮ್ಮ ರಥಬೀದಿಯ ಹಣ್ಣುಕಾಯಿ ಅಂಗಡಿಗಳ ಹಾಗೆ ಸಾಲುಗಟ್ಟಿವೆ, ನೂಕುನುಗ್ಗಲೂ ಹಾಗೆಯೇ ಇದೆ. ಅಂಗಡಿಯವರಿಗೆ ನಿಮ್ಮೊಡನೆ ಎರಡು ಮಾತಾಡುವ ಪುರಸೊತ್ತಿಲ್ಲ. ಆದುದರಿಂದ ನಾನು ಹೇಳುವುದು ದಕ್ಷಿಣದ ದಿನಾಂ ಎಂಬ ಊರನ್ನು.

ಬರೆಯುವಾಗ ಕೊನೆಯಲ್ಲೊಂದು ತಕಾರವುಂಟು. ಫ್ರೆಂಚರ ನಾಲಗೆ ಅದನ್ನು ನುಂಗಿಬಿಡುತ್ತದೆ. ಬರೆದಂತೆ ಓದಿದರೆ 'ದಿನಾಂತ' ಎಂದಾಗಿ, ಸಂಸ್ಕೃತ ಬಲ್ಲವರಿಗೆ ಸಂಜೆಯ ಹೊತ್ತು ನೆನಪಾದೀತು. ಎರಡಕ್ಕೂ ನಂಟೇನೂ ಇಲ್ಲ. ಆದರೂ ಬೆಳಿಗ್ಗೆ ಹೊರಟು ದಿನಾಂತಕ್ಕೆ ಮರಳಿಬರಬಹುದಾದ ಊರಿಗೆ ಹೆಸರು ಒಪ್ಪುತ್ತದೆ. ಬ್ರಸೆಲ್ಸಿನಿಂದ ನಾಮೂರ್ ಮಾರ್ಗವಾಗಿ ರೈಲಿನಲ್ಲಿ ಹೆಚ್ಚುಕಡಮೆ ಒಂದೂಮುಕ್ಕಾಲು ಗಂಟೆಯ ಪಯಣ. ಇಡೀ ದೇಶವೇ ನಮ್ಮ ಕರ್ನಾಟಕದ ಆರನೆಯ ಒಂದು ಪಾಲಿನಷ್ಟಿದೆ. ಅಷ್ಟರಲ್ಲಿಯೇ ಡಚ್ಚು, ಫ್ರೆಂಚು, ಜರ್ಮನ್ ಎಂಬ ಮೂರು ಅಧಿಕೃತ ಭಾಷೆಗಳು. ಬ್ರಸೆಲ್ಸಿನ ನಿಲ್ದಾಣದಲ್ಲಿ ಎರಡೆರಡು ಭಾಷೆಯ ಹಲಗೆಗಳಿದ್ದರೆ, ನಾಮೂರ್ ಬರುವ ಹೊತ್ತಿಗೆ ಫ್ರೆಂಚ್ ಒಂದೇ ಉಳಿಯುತ್ತದೆ. ಅಲ್ಲಿಂದ ಮುಂದೆ ರೈಲು ಮ್ಯೂಸ್ ನದಿಯ ದಡವನ್ನು ಹಿಡಿದು ಸಾಗುತ್ತದೆ.

ಊರು ಪುಟ್ಟದು, ಹದಿಮೂರು ಸಾವಿರ ಚಿಲ್ಲರೆ ಜನ. ಒಂದು ಕಡೆ ನದಿ, ಇನ್ನೊಂದು ಕಡೆ ಗೋಡೆಯಂತೆ ಎದ್ದ ಬಂಡೆ, ನಡುವೆ ಇಕ್ಕಟ್ಟಿನಲ್ಲಿ ಮನೆಗಳ ಸಾಲು. ಬಂಡೆಯ ಬುಡದಲ್ಲಿ ಈರುಳ್ಳಿಯಾಕಾರದ ಗೋಪುರವುಳ್ಳ ಮಾತೆ ಮರಿಯಳ ದೇವಾಲಯ, ನೆತ್ತಿಯ ಮೇಲೆ ಕೋಟೆ. ಕೋಟೆಗೆ 408 ಮೆಟ್ಟಿಲು; ಮಂಡಿನೋವಿನವರಿಗೆ ತಂತಿಯ ಮೇಲೆ ಓಡುವ ತೊಟ್ಟಿಲೂ ಉಂಟು. 1914ನೆಯ ಆಗಸ್ಟ್ ತಿಂಗಳಲ್ಲಿ ಜರ್ಮನ್ ಸೈನ್ಯ ಈ ಊರಿನ 674 ಮಂದಿ ನಿರಾಯುಧ ನಿವಾಸಿಗಳನ್ನು ಕೊಂದು ಮನೆಗಳಿಗೆ ಬೆಂಕಿಯಿಟ್ಟಿತು. ನದೀತೀರದ ಚೆಲುವನ್ನು ನೋಡುತ್ತ ನಡೆಯುವವರಿಗೆ ಇದು ತಿಳಿದಿರುವುದು ಒಳ್ಳೆಯದು.

ಸೇತುವೆಯ ಮೇಲೆ ಬಣ್ಣಬಣ್ಣದ ದೊಡ್ಡ ಸ್ಯಾಕ್ಸೊಫೋನುಗಳನ್ನು ನಿಲ್ಲಿಸಿದ್ದಾರೆ. ಆ ವಾದ್ಯವನ್ನು ಸೃಷ್ಟಿಸಿದ ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಹುಟ್ಟಿದ್ದು ಇಲ್ಲಿಯೇ. ಬಾನುಲಿ ಕೇಳುವ ನಮಗೆ ಸ್ಯಾಕ್ಸೊಫೋನ್ ಎಂದೊಡನೆ ನೆನಪಾಗುವವರು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗ, ಮುಂದೆ ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ಲೋಕಪ್ರಸಿದ್ಧರಾದರು, 2019ರಲ್ಲಿ ತೀರಿಕೊಂಡರು. ದಿನಾಂ ಊರಿಗೂ ದಕ್ಷಿಣ ಕನ್ನಡಕ್ಕೂ ಇದೊಂದು ನಂಟು. ಚಾಕಲೇಟಿನ ದಾರಿಯಲ್ಲಿ ಆ ಜಿಲ್ಲೆಗೆ ಮತ್ತೊಮ್ಮೆ ಹೋಗಬೇಕಾದೀತು.

ಚಾಕಲೇಟಿನ ಅಂಗಡಿಗಿಂತ ಮೊದಲು ಈ ಊರಿನ ಹಳೆಯ ತಿಂಡಿಯೊಂದು ಕಣ್ಣಿಗೆ ಬೀಳುತ್ತದೆ. ಅದರ ಹೆಸರು ಕೂಕ್. ಗೋಧಿಹಿಟ್ಟು ಮತ್ತು ಜೇನುತುಪ್ಪ, ಇವೆರಡೇ ಸಾಮಗ್ರಿ. ನೀರಿನ ಹನಿಯೂ ಇಲ್ಲ. ಕೊರೆದ ಮರದ ಅಚ್ಚಿಗೆ ಒತ್ತಿ ಬಿಸಿ ಒಲೆಯಲ್ಲಿ ಬೇಯಿಸುತ್ತಾರೆ. ನಮ್ಮ ಸಕ್ಕರೆಯಚ್ಚಿನಂತೆ ಪ್ರಾಣಿ, ಹಣ್ಣು, ಮನೆಮಠಗಳ ಚಿತ್ರಗಳು ಮೂಡಿರುತ್ತವೆ. ಕಚ್ಚಿದರೆ ಹಲ್ಲಿಗೆ ಅಪಾಯ. ಮುರಿದು ಬಾಯಲ್ಲಿಟ್ಟುಕೊಂಡು ಚೀಪಬೇಕು. ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ನಾವು ನೋಡಹೊರಟ ವಸ್ತುವಿನ ಗುಣ ಇದಕ್ಕೆ ನೇರ ವಿರುದ್ಧವಾದುದು: ಅದು ಕಚ್ಚುವ ಮೊದಲೇ ಕರಗುತ್ತದೆ, ಎರಡು ಮೂರು ವಾರಗಳಲ್ಲಿ ಸ್ವಾರಸ್ಯ ಕಳೆದುಕೊಳ್ಳುತ್ತದೆ.

ಅಂಗಡಿಯ ಬಾಗಿಲು ತಳ್ಳಿದೊಡನೆ ಮೊದಲು ತಟ್ಟುವುದು ತಂಪು, ಆಮೇಲೆ ಗಂಧ. ಒಳಗಿನವರಿಗೆ 'ಬೊಂಜೂರ್' ಎಂದು ನಮಸ್ಕಾರ ಹೇಳದೆ ಕೈಚಾಚಿ ತೋರಿಸುವುದು ಅಲ್ಲಿ ಅಸಭ್ಯತೆ. ಗಾಜಿನ ಹಿಂದೆ ತಟ್ಟೆತಟ್ಟೆಗಳಲ್ಲಿ ಹೆಬ್ಬೆರಳಿನ ತುದಿಯಷ್ಟು ದೊಡ್ಡ ತುಂಡುಗಳು: ಕಪ್ಪು, ಕಂದು, ಬಿಳಿ, ದುಂಡಗಿನವು, ಚೌಕದವು, ಕಪ್ಪೆಚಿಪ್ಪಿನ ಆಕಾರದವು. ಇವಕ್ಕೆ ಅಲ್ಲಿಯವರು ಪ್ರಾಲೀನ್ ಎನ್ನುತ್ತಾರೆ. ಹೊರಗೆ ಚಾಕಲೇಟಿನ ತೆಳುಚಿಪ್ಪು, ಒಳಗೆ ಹೂರಣ. ನಮ್ಮ ಕರ್ಜಿಕಾಯಿ, ಕಡುಬು, ಹೋಳಿಗೆಗಳನ್ನು ಬಲ್ಲವರಿಗೆ ಹೂರಣದ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದರಲ್ಲಿ ಕೆನೆ ಮತ್ತು ಚಾಕಲೇಟು ಕಲಸಿದ ಮೃದುವಾದ ಮಿಶ್ರಣ. ಇನ್ನೊಂದರಲ್ಲಿ ಸಕ್ಕರೆಯನ್ನು ಕಂದಾಗುವವರೆಗೆ ಕಾಸಿ, ಹೇಜಲ್ ಬೀಜ ಅಥವಾ ಬಾದಾಮಿಯೊಡನೆ ನುಣ್ಣಗೆ ಅರೆದ ಮುದ್ದೆ. ಮತ್ತೊಂದರಲ್ಲಿ ಕಾಫಿಯ ಕೆನೆ.

ಈ ಚಿಪ್ಪು-ಹೂರಣದ ಜೋಡಣೆ ಬಹಳ ಹಳೆಯದಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ಜಾನ್ ನಾಯ್‌ಹೌಸ್ ಎಂಬವನು 1857ರಲ್ಲಿ ಬ್ರಸೆಲ್ಸಿನಲ್ಲಿ ಔಷಧದ ಅಂಗಡಿ ತೆರೆದನು. ಕಹಿ ಮದ್ದಿಗೆ ಚಾಕಲೇಟನ್ನು ಲೇಪಿಸಿ ಮಾರುತ್ತಿದ್ದನಂತೆ. ನಮ್ಮ ವೈದ್ಯರು ಜೇನನ್ನು ಅನುಪಾನವಾಗಿ ಕೊಡುವಂತೆ ಎನ್ನಿ. ಅವನ ಮೊಮ್ಮಗ, ಅದೇ ಹೆಸರಿನವನು, 1912ರಲ್ಲಿ ಮದ್ದನ್ನು ಕೈಬಿಟ್ಟು ಚಿಪ್ಪಿನೊಳಗೆ ಹೂರಣವಿಟ್ಟನೆಂದು ಆ ಮನೆತನದವರ ಹೇಳಿಕೆ. ಮೊದಮೊದಲು ಇವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ತಳದವು ಜಜ್ಜಿಹೋಗುತ್ತಿದ್ದವು. 1915ರಲ್ಲಿ ಅವನ ಹೆಂಡತಿ ಲೂಯಿಸ್ ಅಗೊಸ್ತಿನಿ ಪದರಪದರವಾಗಿ ಜೋಡಿಸಿಡಬಹುದಾದ ರಟ್ಟಿನ ಪೆಟ್ಟಿಗೆಯನ್ನು ಯೋಚಿಸಿದಳು. ಬಲೋತಾಂ ಎಂಬ ಆ ಪೆಟ್ಟಿಗೆಯನ್ನು ಇಂದಿಗೂ ಪ್ರತಿಯೊಂದು ಅಂಗಡಿಯಲ್ಲಿ ಕಾಣಬಹುದು. ಗಂಡನ ಹೂರಣಕ್ಕಿಂತ ಹೆಂಡತಿಯ ಪೆಟ್ಟಿಗೆಯೇ ಈ ವ್ಯಾಪಾರವನ್ನು ಬೆಳೆಸಿತೆಂದು ನನ್ನ ಎಣಿಕೆ. ತಿನಿಸು ಉಡುಗೊರೆಯಾದದ್ದು ಅದರಿಂದಲೇ ಅಲ್ಲವೆ?

ಇನ್ನು ಅಂಗಡಿಯ ಹಿಂಬದಿಯ ಕೆಲಸ. ಕೆಲವು ಕಡೆ ಗಾಜಿನ ಗೋಡೆಯ ಆಚೆಗೆ ಅದು ಕಾಣುವಂತಿರುತ್ತದೆ. ಅಲ್ಲಿ ನಡೆಯುವುದನ್ನು ಒಂದೇ ಕನ್ನಡ ಮಾತಿನಲ್ಲಿ ಹೇಳಬಹುದು: ಹದ. ಪಾಕದ ಎಳೆ ತಪ್ಪಿದರೆ ಮೈಸೂರುಪಾಕು ಕಲ್ಲಾಗುತ್ತದೆ, ಇಲ್ಲವೆ ಪುಡಿಯಾಗುತ್ತದೆ. ಹಾಗೆಯೇ ಕಾಸಿದ ತುಪ್ಪ ನಿಧಾನವಾಗಿ ತಣಿದರೆ ಮರಳುಮರಳಾಗಿ ಕೂರುತ್ತದೆ, ಬೇಗನೆ ತಣಿದರೆ ನುಣುಪಾಗಿ ಹೆಪ್ಪುಗಟ್ಟುತ್ತದೆ. ವಸ್ತು ಒಂದೇ, ಹರಳು ಬೇರೆ. ಕೋಕೋ ಬೀಜದಲ್ಲಿ ಅರ್ಧದಷ್ಟು ಇಂಥ ಜಿಡ್ಡೇ ಇದೆ. ಕೋಕೋ ಬೆಣ್ಣೆಯೆನ್ನುವ ಆ ಜಿಡ್ಡು ಆರು ಬಗೆಯಲ್ಲಿ ಹರಳುಗಟ್ಟಬಲ್ಲುದು. ಅವುಗಳಲ್ಲಿ ಐದನೆಯದು ಮಾತ್ರ ಕುಶಲಿಗೆ ಬೇಕಾದದ್ದು. ಅದು ಹೊಳೆಯುತ್ತದೆ, ಮುರಿದರೆ ಚಟ್ಟೆನ್ನುತ್ತದೆ, ಸುಮಾರು 34 ಡಿಗ್ರಿ ಶಾಖಕ್ಕೆ ಕರಗುತ್ತದೆ. ನಮ್ಮ ದೇಹದ ಶಾಖ 37. ಬಾಯಲ್ಲಿಟ್ಟರೆ ಕರಗುತ್ತದೆಂಬ ಹೊಗಳಿಕೆಯ ರಹಸ್ಯ ಈ ಮೂರು ಡಿಗ್ರಿಯ ಅಂತರದಲ್ಲಿದೆ.

ಈ ಹರಳನ್ನೇ ಬರಮಾಡಿಕೊಳ್ಳಲು ಕಪ್ಪು ಚಾಕಲೇಟನ್ನು 45ರಿಂದ 50 ಡಿಗ್ರಿಯವರೆಗೆ ಕಾಸಿ ಪೂರ್ತಿ ಕರಗಿಸುತ್ತಾರೆ. ತಣ್ಣನೆಯ ಕಲ್ಲಿನ ಮೇಲೆ ಸುರಿದು ಅಗಲವಾದ ಸಟ್ಟುಗದಂಥ ಅಲಗಿನಿಂದ ಹರಡುತ್ತ, ಬಳಿಯುತ್ತ 27-28ಕ್ಕೆ ಇಳಿಸುತ್ತಾರೆ. ಮತ್ತೆ ತುಸುವೇ ಬಿಸಿಮಾಡಿ 31-32ಕ್ಕೆ ತಂದು ಅಲ್ಲಿಯೇ ನಿಲ್ಲಿಸಿ ಅಚ್ಚಿಗೆ ಹೊಯ್ಯುತ್ತಾರೆ. ಈಗ ಇದಕ್ಕೆ ಯಂತ್ರಗಳೂ ಬಂದಿವೆ. ಎರಡು ಡಿಗ್ರಿ ಹೆಚ್ಚುಕಡಮೆಯಾದರೆ ಕೆಲವೇ ದಿನಗಳಲ್ಲಿ ಮೇಲೆ ಬೂದಿ ಬಳಿದಂತೆ ಬಿಳುಪು ಏಳುತ್ತದೆ. ಅನೇಕರು ಅದನ್ನು ಬೂಷ್ಟೆಂದು ತಿಳಿದು ಎಸೆಯುತ್ತಾರೆ. ಅದು ಬೂಷ್ಟಲ್ಲ, ಹದ ತಪ್ಪಿದ ಅಥವಾ ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾದ ಜಿಡ್ಡು ಮೇಲೆ ಬಂದದ್ದು. ತಿಂದರೆ ಕೇಡಿಲ್ಲ, ರುಚಿ ಮಾತ್ರ ಸಪ್ಪೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚಿಕ್ಕ ಊರಿನ ಚಾಕಲೇಟುಗಾರನು ಚಾಕಲೇಟನ್ನು ಮಾಡುತ್ತಾನೆಂದು ನಾವು ಭಾವಿಸುತ್ತೇವೆ. ಬಹುಮಟ್ಟಿಗೆ ಅದು ನಿಜವಲ್ಲ. ಬೀಜವನ್ನು ಹುರಿದು ಅರೆಯುವವರು ಕೆಲವರೇ. ಉಳಿದವರು ಸಿದ್ಧವಾದ ಚಾಕಲೇಟನ್ನು ಕಾರ್ಖಾನೆಯಿಂದ ಕೊಂಡುತಂದು ಕರಗಿಸುತ್ತಾರೆ. ವೀಜೆ ಎಂಬ ಹಳ್ಳಿಯಲ್ಲಿರುವ ಕಾಲೆಬೋ ಕಾರ್ಖಾನೆ ಜಗತ್ತಿನಲ್ಲಿಯೇ ಅತಿ ದೊಡ್ಡ ಚಾಕಲೇಟು ಕಾರ್ಖಾನೆಯೆಂದು ಹೆಸರಾಗಿದೆ. 2022ರ ಬೇಸಗೆಯಲ್ಲಿ ಅಲ್ಲಿ ರೋಗಾಣುಗಳು ಕಂಡುಬಂದು ಕೆಲವು ವಾರ ಕೆಲಸ ನಿಂತಾಗ ಎಷ್ಟೋ ಮಂದಿ ಗಿರಾಕಿಗಳು ಸರಕಿಗಾಗಿ ಕಾಯಬೇಕಾಯಿತು. ಇದನ್ನು ಕೇಳಿ ನಿರಾಶರಾಗಬೇಡಿ. ನಮ್ಮ ಅಕ್ಕಸಾಲಿಗರು ಗಣಿಯಿಂದ ಚಿನ್ನ ಅಗೆಯುತ್ತಾರೆಯೆ? ಅವರ ಕೈಚಳಕವಿರುವುದು ಆಭರಣದಲ್ಲಿ. ಹಾಗೆಯೇ ಇವರ ಕೈಚಳಕ ಹದದಲ್ಲಿ, ಹೂರಣದಲ್ಲಿ, ಹೊಸದಾಗಿ ಮಾಡಿ ಬೇಗ ಮಾರುವುದರಲ್ಲಿ ಇದೆ. ಇದನ್ನು ತಿಳಿದು ಬೆಲೆ ಕೊಟ್ಟರೆ ಮೋಸವಿಲ್ಲ.

ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯಲ್ಲದೆ ಬೇರೆ ಜಿಡ್ಡು ಇರಬಹುದೆ ಎಂಬ ಬಗ್ಗೆ ಯೂರೋಪಿನ ರಾಷ್ಟ್ರಗಳು ಸುಮಾರು ಮೂವತ್ತು ವರ್ಷ ಜಗಳವಾಡಿದವು. ಬ್ರಿಟನ್ ಮೊದಲಾದವು ಇರಲಿ ಎಂದವು; ಬೆಲ್ಜಿಯಂ, ಫ್ರಾನ್ಸ್ ಮೊದಲಾದವು ಕೂಡದೆಂದವು. ಕೊನೆಗೆ 2000ದ ಶಾಸನದಲ್ಲಿ ನೂರಕ್ಕೆ ಐದರವರೆಗೆ, ಅದೂ ಹೆಸರಿಸಿದ ಆರು ಜಿಡ್ಡುಗಳು ಮಾತ್ರ, ಲೇಬಲ್ಲಿನ ಮೇಲೆ ಹೇಳಿದರೆ ಸರಿ ಎಂದು ರಾಜಿಯಾಯಿತು. ಆ ಆರರ ಪಟ್ಟಿಯನ್ನು ಓದಿದರೆ ಕನ್ನಡಿಗರಿಗೆ ಸೋಜಿಗವಾಗುತ್ತದೆ. ಅದರಲ್ಲಿ ಮಾವಿನ ಗೊರಟೆಯ ಜಿಡ್ಡಿದೆ, ಸಾಲವೃಕ್ಷದ ಬೀಜದ ಜಿಡ್ಡಿದೆ, ಕೋಕಂ ಎಂಬುದೂ ಇದೆ. ಈ ಕೋಕಂ ಬೇರೇನೂ ಅಲ್ಲ, ಉತ್ತರ ಕನ್ನಡದವರ ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ. ಶಿರಸಿಯ ಅಜ್ಜಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪ ಯೂರೋಪಿನ ಚಾಕಲೇಟು ಶಾಸನದಲ್ಲಿ ಸ್ಥಾನ ಪಡೆದಿದೆ! ಮೈಗೆ ಸೋಕಿದರೆ ಕರಗುವ, ಹೊರಗೆ ಗಟ್ಟಿಯಾಗಿರುವ ಗುಣದಲ್ಲಿ ಅದೂ ಕೋಕೋ ಬೆಣ್ಣೆಯ ದಾಯಾದಿ. ಬೆಲ್ಜಿಯಮಿನ ಒಳ್ಳೆಯ ಅಂಗಡಿಯವರು ಮಾತ್ರ ಇಂದಿಗೂ ಶುದ್ಧ ಕೋಕೋ ಬೆಣ್ಣೆಯನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಎರಡನೆಯ ಪ್ರಶ್ನೆ, ಬೀಜ ಎಲ್ಲಿಯದು? ಇದಕ್ಕೆ ಎಲ್ಲ ಅಂಗಡಿಗಳಲ್ಲಿಯೂ ಉತ್ತರ ಸಿಗುವುದಿಲ್ಲ. ಕೋಕೋ ಮರ ಬೆಲ್ಜಿಯಮಿನಲ್ಲಿ ಬದುಕುವುದೇ ಇಲ್ಲ. ಅದಕ್ಕೆ ಬಿಸಿ, ಮಳೆ, ನೆರಳು ಮೂರೂ ಬೇಕು. 1753ರಲ್ಲಿ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಗ್ರೀಕ್ ಮಾತುಗಳಿಂದ 'ದೇವತೆಗಳ ಆಹಾರ' ಎಂದು ಹೆಸರಿಟ್ಟನು. ದೇವತೆಗಳ ಆಹಾರವನ್ನು ಬೆಳೆದ ಮನುಷ್ಯರ ಪಾಡು ಬೇರೆ. 1885ರಿಂದ 1908ರವರೆಗೆ ಕಾಂಗೋ ದೇಶವು ಬೆಲ್ಜಿಯಮಿನ ಅರಸ ಎರಡನೆಯ ಲಿಯೋಪೋಲ್ಡನ ಸ್ವಂತ ಆಸ್ತಿಯಾಗಿತ್ತು, ಮುಂದೆ 1960ರವರೆಗೆ ಬೆಲ್ಜಿಯಮಿನ ವಸಾಹತಾಗಿತ್ತು. ರಬ್ಬರಿಗಾಗಿ ಅಲ್ಲಿ ನಡೆದ ಕ್ರೌರ್ಯ ಲೋಕಕ್ಕೆ ಗೊತ್ತಿದೆ. ಕೋಕೋ ತೋಟಗಳನ್ನೂ ಅಲ್ಲಿ ಹಾಕಿದ್ದರು. 2020ರ ಜೂನ್ 30ರಂದು, ಕಾಂಗೋ ಸ್ವತಂತ್ರವಾಗಿ ಅರವತ್ತು ವರ್ಷ ತುಂಬಿದ ದಿನ, ಅರಸ ಫಿಲಿಪ್ ಆ ದೇಶದ ಅಧ್ಯಕ್ಷರಿಗೆ ಪತ್ರ ಬರೆದು ವಿಷಾದ ಸೂಚಿಸಿದರು.

ಇಂದು ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಬೆಳೆಯುವವರು ದೊಡ್ಡ ತೋಟದವರಲ್ಲ. ನಾಲ್ಕೈದು ಹೆಕ್ಟೇರಿನೊಳಗಿನ ಸಂಸಾರಗಳು. ಷಿಕಾಗೋ ವಿಶ್ವವಿದ್ಯಾನಿಲಯದ ಒಂದು ಸಂಶೋಧನ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಎಣಿಕೆಯ ಪ್ರಕಾರ ಈ ಎರಡು ದೇಶಗಳ ಕೋಕೋ ದುಡಿಮೆಯಲ್ಲಿ ಸುಮಾರು 15 ಲಕ್ಷ 60 ಸಾವಿರ ಮಕ್ಕಳು ತೊಡಗಿದ್ದರು. ಹೆಚ್ಚಿನವರು ತಂದೆತಾಯಿಗಳ ಜಮೀನಿನಲ್ಲಿಯೇ ಮಚ್ಚು ಹಿಡಿದವರು. ತರಗತಿಯಲ್ಲಿ ಮೂವತ್ತು ವರ್ಷ ಹಾಜರಿ ಕೂಗಿದ ನನಗೆ ಈ ಅಂಕೆಯನ್ನು ಓದಿ ಮುಂದಕ್ಕೆ ಹೋಗುವುದು ಸುಲಭವಾಗಲಿಲ್ಲ. 2024ರಲ್ಲಿ ಬೆಳೆ ಕೆಟ್ಟು ಪೇಟೆಯಲ್ಲಿ ಕೋಕೋ ಟನ್ನಿಗೆ ಹತ್ತು ಸಾವಿರ ಡಾಲರನ್ನು ಮೀರಿತು. ಆದರೆ ಆ ದೇಶಗಳಲ್ಲಿ ರೈತನಿಗೆ ಸಲ್ಲುವ ಬೆಲೆಯನ್ನು ಸರಕಾರ ಹಂಗಾಮಿಗೆ ಮೊದಲೇ ನಿಗದಿಮಾಡುವುದರಿಂದ, ಏರಿದ ಬೆಲೆಯ ಪೂರ್ಣಫಲ ಅವನಿಗೆ ದಕ್ಕಲಿಲ್ಲ.

ಇಲ್ಲಿಯೇ ದಕ್ಷಿಣ ಕನ್ನಡದ ಮಾತು ಬರುತ್ತದೆ. ಪುತ್ತೂರು, ಸುಳ್ಯ, ಬೆಳ್ತಂಗಡಿಗಳ ಅಡಕೆ ತೋಟಗಳಲ್ಲಿ ನೆರಳಿನ ಉಪಬೆಳೆಯಾಗಿ ಕೋಕೋ ಇದೆ. ಅಲ್ಲಿಯವರ ಬಾಯಲ್ಲಿ ಅದು ಕೊಕ್ಕೊ. ಕಾಂಡಕ್ಕೇ ಅಂಟಿ ಬಿಡುವ ಕಾಯಿ, ಒಡೆದರೆ ಬಿಳಿಯ ಲೋಳೆಯೊಳಗೆ ಮೂವತ್ತು ನಲವತ್ತು ಬೀಜ. ಅದನ್ನು ಐದಾರು ದಿನ ಮುಚ್ಚಿಟ್ಟು ಹುಳಿಯಿಸಿ ಒಣಗಿಸಿದ ಮೇಲೆಯೇ ಚಾಕಲೇಟಿನ ಪರಿಮಳಕ್ಕೆ ಬೀಜಾಂಕುರ. ಎಪ್ಪತ್ತರ ದಶಕದಲ್ಲಿ ಉತ್ಸಾಹದಿಂದ ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರಿಲ್ಲದಾಗ ಎಷ್ಟೋ ಮಂದಿ ಗಿಡಗಳನ್ನು ಕಡಿದು ಹಾಕಿದರು. ಆಗ ಕೈಹಿಡಿದದ್ದು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊ. ಬೀಜ ಕೊಂಡದ್ದಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನೂ ತೆರೆಯಿತು. ಬೆಳೆದವನೇ ಕಾರ್ಖಾನೆಯ ಪಾಲುಗಾರನೂ ಆದ ಇಂಥ ಉದಾಹರಣೆ ಕೋಕೋ ಲೋಕದಲ್ಲಿ ಅಪರೂಪ. 2024ರಲ್ಲಿ ಹಸಿಬೀಜದ ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರಿದಾಗ, ಅಳಿಲು ತಿಂದು ಬಿಟ್ಟ ಕಾಯನ್ನೂ ಹೆಕ್ಕುವಂತಾಯಿತೆಂದು ಆ ಕಡೆಯವರು ನಗುತ್ತ ಹೇಳಿದ್ದನ್ನು ಕೇಳಿದ್ದೇನೆ. ದಿನಾಂ ಊರಿನ ಅಂಗಡಿಯಲ್ಲಿ ನಿಂತು ಬೀಜದ ಊರನ್ನು ಕೇಳುವ ಹಕ್ಕು ನಮಗೆ ಉಳಿದ ಪ್ರವಾಸಿಗಳಿಗಿಂತ ತುಸು ಹೆಚ್ಚೇ ಇದೆ.

ಕೊಳ್ಳುವಾಗ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಬೆಲೆ ತೂಕದ ಮೇಲೆ. ಕಾಲು ಕಿಲೋ ಪೆಟ್ಟಿಗೆಯಲ್ಲಿ ಹದಿನಾರರಿಂದ ಇಪ್ಪತ್ತು ತುಂಡು ಹಿಡಿಸುತ್ತವೆ. ನಮ್ಮ ಹಣದಲ್ಲಿ ಸಾವಿರ ರೂಪಾಯಿಗೆ ಕಡಮೆಯಾಗುವುದು ಅಪರೂಪ. ಬೇಕಾದವನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿ ಆರಿಸಿಕೊಳ್ಳಬಹುದು. ಎರಡೇ ತುಂಡು ಕೊಂಡರೂ ಯಾರೂ ಮುಖ ಸಿಂಡರಿಸುವುದಿಲ್ಲ. ಕೆಲವು ಹೂರಣಗಳಲ್ಲಿ ಮದ್ಯ ಬೆರೆಸಿರುತ್ತಾರೆ. ಬೇಡದವರು 'ಸಾಂಜಾಲ್ಕೋಲ್' ಎಂದರೆ ಸಾಕು, ಮದ್ಯವಿಲ್ಲದವನ್ನೇ ತೆಗೆದುಕೊಡುತ್ತಾರೆ. ಮೊಟ್ಟೆ, ಜೆಲಟಿನ್ ವರ್ಜ್ಯವಾದವರು ಅದನ್ನೂ ಕೇಳಿಕೊಳ್ಳಲಿ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು. ಚಿಕ್ಕ ಊರುಗಳಲ್ಲಿ ಸೋಮವಾರ ಅನೇಕ ಅಂಗಡಿಗಳಿಗೆ ಬಿಡುವು. ಈಸ್ಟರ್ ಹಬ್ಬದ ಮುಂಚೆ ಹೋದರೆ ಟೊಳ್ಳು ಮೊಟ್ಟೆ, ಗಂಟೆ, ಮೊಲಗಳೂ, ಡಿಸೆಂಬರ್ 6ರ ಸಂತ ನಿಕೋಲಾಸನ ಹಬ್ಬದ ಮುಂಚೆ ಹೋದರೆ ಗಡ್ಡದ ಸಂತನ ಮೂರ್ತಿಗಳೂ ಕಿಟಕಿಯ ತುಂಬ ನಿಂತಿರುತ್ತವೆ.

ಊರಿಗೆ ತರುವ ಆಸೆಯಿದ್ದರೆ ಕೆನೆಯ ಹೂರಣದವನ್ನು ಅಲ್ಲಿಯೇ ನದಿಯ ದಡದ ಬೆಂಚಿನ ಮೇಲೆ ಕುಳಿತು ತಿಂದು ಮುಗಿಸಿ. ಬೀಜದ ಹೂರಣದವನ್ನೂ ಹೂರಣವಿಲ್ಲದ ಹಲಗೆಗಳನ್ನೂ ಕಟ್ಟಿಸಿಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ನಮ್ಮ ಏಪ್ರಿಲ್-ಮೇ ತಿಂಗಳ ಮನೆಯೊಳಗಿನ ಶಾಖ ಆ 34 ಡಿಗ್ರಿಯನ್ನು ಮುಟ್ಟುವುದರಿಂದ ಇಲ್ಲಿ ಫ್ರಿಜ್ಜೇ ಗತಿ. ಪೆಟ್ಟಿಗೆಯನ್ನು ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯೊಳಗಿಟ್ಟು, ಒಗ್ಗರಣೆಯ ವಾಸನೆಯ ಪಾತ್ರೆಗಳಿಂದ ದೂರವಿಡಿ; ಕೋಕೋ ಬೆಣ್ಣೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ತಿನ್ನುವ ದಿನ ಡಬ್ಬಿಯನ್ನು ಹೊರಗೆ ತೆಗೆದ ಕೂಡಲೆ ತೆರೆಯಬೇಡಿ. ಮಕ್ಕಳು ಎಷ್ಟೇ ಗೋಗರೆದರೂ ಅರ್ಧ ಗಂಟೆ ಮುಚ್ಚಿಯೇ ಇರಲಿ. ಇಲ್ಲವಾದರೆ ತಣ್ಣನೆಯ ಚಾಕಲೇಟಿನ ಮೇಲೆ ಗಾಳಿಯ ತೇವ ಹನಿಗಟ್ಟಿ, ಸಕ್ಕರೆ ಕರಗಿ, ಆರಿದ ಮೇಲೆ ಒರಟಾದ ಬಿಳಿಚುಕ್ಕೆಗಳು ಉಳಿಯುತ್ತವೆ.